ಸ್ವಾಮಿಯ ಹೆಸರಿನ ಕೆಳಗಿನ ಸಾಲು

ತುಮಕೂರಿನ ಸತ್ಯಮಂಗಲದಲ್ಲಿ ಡೇರಿಗಳಿಗೆ ಹಾಲು ಅಳೆಯುವ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ರೂಪಶ್ರೀ ಅಲ್ಲಿ ಕೆಲಸಕ್ಕಿದ್ದಾಳೆ. ಯಂತ್ರದೊಳಗೆ ಓಡುವ ಸಾಫ್ಟ್‌ವೇರಿನಲ್ಲಿ ಬಹುಪಾಲು ಯಾವ್ಯಾವುದೋ ದೇಶದವರು ಬರೆದು ಎಲ್ಲರ ಬಳಕೆಗೆ ಬಿಟ್ಟದ್ದು. ಪುಕ್ಕಟೆಯಾಗಿ ಸಿಕ್ಕಿದರೂ ಅದಕ್ಕೆ ಒಡೆಯರಿರುತ್ತಾರೆ. ಬರೆದವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಒಂದೊಂದು ಫೈಲನ್ನೂ ತೆರೆದು ನೋಡಿ ಕಾಪಿರೈಟು, ಲೈಸೆನ್ಸು ಬರೆದಿಡುವುದು ಅವಳ ಕೆಲಸ. ಕಂಪ್ಯೂಟರ್ ಕಲಿಸಿದ್ದು ತಮ್ಮ ಪ್ರಭುದೇವ. ಮಿಕ್ಕಿದ್ದನ್ನು ತಾನೇ ಓದಿಕೊಂಡಳು.

ಪ್ರಭುದೇವ ಗುಬ್ಬಿಯಲ್ಲಿ ಶಾಲಾ ಮೇಷ್ಟರಾಗಿದ್ದ. ಹೋದ ಆಷಾಢದಲ್ಲಿ ಬೈಕಿಗೆ ಲಾರಿ ತಗುಲಿ ತೀರಿಕೊಂಡ. ಅಂದಿನಿಂದ ರೂಪಶ್ರೀಗೆ ಈ ಕೆಲಸವೇ ಅನುಕೂಲವಾಗಿತ್ತು. ಪರದೇಶದ ಹೆಸರುಗಳು ಒಂದರ ಹಿಂದೊಂದು ಬರುತ್ತಿದ್ದವು, ಇವಳು ಬರೆಯುತ್ತಿದ್ದಳು. ಹೇಗಿದ್ದೀಯ ಎಂದು ಅವು ಕೇಳುತ್ತಿರಲಿಲ್ಲ.

ಪ್ರಭುದೇವನೂ ಹಾಗೊಂದು ಪುಟ್ಟ ಸಾಫ್ಟ್‌ವೇರ್ ಪ್ಯಾಕೇಜ್ ಮಾಡಿ ಎಲ್ಲರ ಬಳಕೆಗೆ ಬಿಟ್ಟಿದ್ದ. ಕನ್ನಡದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದುವುದು ಅದರ ಕೆಲಸ, ದನಿ ಅವನದೇ. ಹಾಲು ಹಾಕುವವರಿಗೆ ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳಲಿ ಎಂದು ಕಾರ್ಖಾನೆಯ ಯಜಮಾನ ಬಸವರಾಜ್ ಹೊಸ ಯಂತ್ರಕ್ಕೆ ಅದನ್ನೇ ಹಾಕಿಸಿದ್ದರು. ಪರೀಕ್ಷೆಗೆಂದು ಒಂದು ಕ್ಯಾನ್ ಇಟ್ಟಾಗ, “ನಾಲ್ಕು ಲೀಟರ್ ಇನ್ನೂರು” ಎಂದು ಅವನ ದನಿ ಬಂತು. ಎಲ್ಲರೂ ರೂಪಶ್ರೀಯ ಮುಖ ನೋಡಿದರು. ಅವಳು ನೀರು ಕುಡಿದು ಬಂದು ಕೂತಳು. ಒಳಗೆ ಏನೂ ಆಗಲಿಲ್ಲ.

ಆಮೇಲೆ ಆ ಪ್ಯಾಕೇಜಿನ ಸರದಿ ಬಂತು. ಫೈಲು ತೆರೆದಳು. ಕಾಪಿರೈಟ್ ಇರಬೇಕಾದಲ್ಲಿ ಹೀಗಿತ್ತು: “ಹಕ್ಕು: ಶ್ರೀ ಚನ್ನಬಸವೇಶ್ವರ ಸ್ವಾಮಿ, ಗುಬ್ಬಿ. ಯಾರು ಬೇಕಾದರೂ ಬಳಸಿ.” ಅಷ್ಟೇ. ಅವನ ಹೆಸರು ಎಲ್ಲೂ ಇರಲಿಲ್ಲ.

ಬಸವರಾಜ್ ನೋಡಿ ತಲೆ ಕೆರೆದುಕೊಂಡರು. “ಏನ್ ರೂಪಮ್ಮ ಇದು? ಗುಡಿಯಲ್ಲಿರೋ ಸ್ವಾಮಿ ಹತ್ರ ಸೈನ್ ಹಾಕ್ಸ್ಕೊಂಡ್ ಬರಕ್ಕಾಗುತ್ತಾ? ಬಳಸಿ ಅಂದವ್ನೆ, ಸರಿ. ತಿದ್ದಬಹುದಾ, ಬೇರೆಯವ್ರಿಗೆ ಕೊಡಬಹುದಾ, ಅದಿಲ್ಲ. ಯಂತ್ರ ತಗೊಳ್ಳೋರ ವಕೀಲ್ರು ಒಪ್ಪಲ್ಲ.”

“ಬರ್ದಿದ್ದು ನಮ್ ಪ್ರಭು, ಸಾರ್.”

“ನಂಗೊತ್ತಮ್ಮ. ಕಾಗದಕ್ಕೆ ಗೊತ್ತಿಲ್ವಲ್ಲ. ಸೋಮವಾರದೊಳಗೆ ಸರಿಹೋದ್ರೆ ಇರಲಿ. ಇಲ್ದಿದ್ರೆ ಬೇರೆ ಯಾವ್ದೋ ಹುಡುಗೀ ದನಿ ಇದೆ, ಲೈಸೆನ್ಸೂ ಕ್ಲೀನಾಗಿದೆ. ಇವನ್ನ ತೆಗೆದು ಅದನ್ನ ಹಾಕ್ಬಿಡಣ.”

ಪ್ರಭುವಿನ ಗೆಳೆಯ ಅಂಜನ್‌ಕುಮಾರ್ ಕುಣಿಗಲ್ ಕಡೆಯ ಒಂದು ಡೇರಿಯಲ್ಲಿ ಕಾರ್ಯದರ್ಶಿ. ರೂಪಶ್ರೀ ಅವನಿಗೆ ಫೋನ್ ಮಾಡಿ, ಇದರಲ್ಲಿ ನಿನ್ನ ಪಾಲೇನಾದರೂ ಇದೆಯಾ ಎಂದು ಕೇಳಿದಳು.

“ನಂದೇನಿಲ್ಲ ಅಕ್ಕ, ಮೈಕ್ ಹಿಡ್ಕಂಡಿದ್ದೆ ಅಷ್ಟೇ. ನಿನ್ನ ಹೆಸ್ರು ಹಾಕೋ ಅಂತ ಬೈದೆ. ಗಂಟ್ಲು ಕೊಟ್ಟೋನು ಸ್ವಾಮಿ, ನಂದೇನೈತೆ ಅಂತ ನಕ್ಕ.”

ಮದುವೆಯಾಗದೆ ತೀರಿಕೊಂಡ ಮಗನ ಹಕ್ಕೆಲ್ಲ ಕಾನೂನಿನ ಪ್ರಕಾರ ತಾಯಿಗೆ. ಭಾನುವಾರ ರೂಪಶ್ರೀ ಲ್ಯಾಪ್‌ಟಾಪ್ ಹಿಡಿದು ಗುಬ್ಬಿಗೆ ಹೋದಳು. ತಾಯಿ ಬಸವಲಿಂಗಮ್ಮ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರೆಕಾಯಿ ಬಿಡಿಸಲು ಕೂತಿದ್ದರು. ಮಗಳು ಹೇಳಿದ್ದನ್ನೆಲ್ಲ ಕೇಳಿ ಸೊಗಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ಸ್ವಾಮಿಗೆ ಅಂತ ಕೊಟ್ಟವ್ನೆ. ಕೊಟ್ಟಿದ್ದನ್ನ ಕಿತ್ಕಂಡು ನನ್ನ ಹೆಸ್ರಿಗೆ ಮಾಡ್ಕಳನಾ? ಬುಡು ಬುಡು, ನನ್ ಕೈಲಾಗಲ್ಲ.”

“ಕಿತ್ಕಳೋದಿಲ್ಲಮ್ಮ. ನಮ್ಮ ಕೆಲಸದಲ್ಲಿ ಒಂದ್ಸಲ ಬರ್ದಿರೋ ಹೆಸ್ರನ್ನ ಅಳಿಸೋ ಹಾಗೇ ಇಲ್ಲ. ಸ್ವಾಮಿ ಸಾಲು ಹೆಂಗಿದೆಯೋ ಹಂಗೇ ಇರುತ್ತೆ. ಕೆಳಗಡೆ ಇನ್ನೊಂದು ಸೇರಿಸ್ತೀನಿ.”

“ಅದ್ರಲ್ಲಿ ಏನಂತ ಬರೀತೀಯ?”

“ಬರ್ದಿದ್ದು ಪ್ರಭುದೇವ. ಈಗ ಹಕ್ಕು ಬಸವಲಿಂಗಮ್ಮಂದು. ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಹೆಸರು ಮಾತ್ರ ತೆಗೀಬಾರ್ದು.”

“ತಿದ್ದೋದು ಅಂದ್ರೆ? ಅವನ ದನೀನಾ ತಿದ್ತಾರಾ?”

ರೂಪಶ್ರೀ ಸುಳ್ಳು ಹೇಳಲಿಲ್ಲ. “ತಿದ್ದಬಹುದು. ಕತ್ತರಿಸಬಹುದು, ಸಣ್ಣಗೆ ಮಾಡಬಹುದು. ಒಂದ್ಸಲ ಒಪ್ಪಿದ್ಮೇಲೆ ಬೇಡ ಅನ್ನಕ್ಕಾಗಲ್ಲ.”

“ಒಪ್ಪದೆ ಇದ್ರೆ?”

“ಯಂತ್ರದಿಂದ ತೆಗೀತಾರೆ.”

ಬಸವಲಿಂಗಮ್ಮ ಇನ್ನೊಂದಷ್ಟು ಕಾಯಿ ಬಿಡಿಸಿದರು. ಒಂದರಲ್ಲಿ ಹುಳವಿತ್ತು, ಅದನ್ನು ಪಕ್ಕಕ್ಕಿಟ್ಟರು. “ಮನೇಲಿ ಇಟ್ಕಂಡ್ರೆ ನಂಗೊಬ್ಳಿಗೆ,” ಎಂದರು. “ಅವನು ನಂಗೊಬ್ಳಿಗೆ ಅಂತ ಓದಿರ್ಲಿಲ್ಲ. ಬರಿ. ಇವತ್ತೇ ಬರಿ ಕಣೇ. ನಾಳೆ ಕೇಳಿದ್ರೆ ಒಲ್ಲೆ ಅಂತೀನಿ.”

ರೂಪಶ್ರೀ ಅಲ್ಲೇ ಚಾಪೆಯ ಮೇಲೆ ಕೂತು ಬರೆಯತೊಡಗಿದಳು. ತಮ್ಮನ ಹೆಸರಿನ ಹತ್ತಿರ ಬಂದಾಗ ಬೆರಳು ನಿಂತಿತು. ಹಕ್ಕು ತಾಯಿಗೆ ಏಕೆ ಬಂತು ಎಂದು ಹೇಳಬೇಕಾದರೆ ಅವನ ಹೆಸರಿನ ಹಿಂದೆ ಒಂದು ಮಾತು ಬೇಕು. ಈ ಮನೆಯಲ್ಲಿ ಇನ್ನೂ ಯಾರೂ ಆ ಮಾತು ಆಡಿರಲಿಲ್ಲ. ಗೋಡೆಯ ಮೇಲಿನ ಅವನ ಫೋಟೋಗೆ ಹಾರವೂ ಬಿದ್ದಿರಲಿಲ್ಲ.

“ಯಾಕೆ ಸುಮ್ಕಾದೆ?”

ತಾಯಿ ಅವಳ ಕೈಯನ್ನೇ ನೋಡುತ್ತಿದ್ದರು.

“ಲಿಂಗೈಕ್ಯ ಅಂತ ಹಾಕು,” ಎಂದರು. ಹೇಳಿದವರೇ ಎದ್ದು ಒಲೆಯ ಹತ್ತಿರ ಹೋದರು.

ರೂಪಶ್ರೀ ಬರೆದಳು. ಒಪ್ಪಿಗೆಯ ಕಾಗದಕ್ಕೆ ತಾಯಿಯ ರುಜು ಹಾಕಿಸಿಕೊಂಡಳು. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಇಬ್ಬರೂ ಅವರೆಕಾಳಿನ ಸಾರಿನಲ್ಲಿ ಮುದ್ದೆ ಉಂಡರು.

ಸೋಮವಾರ ಬಸವರಾಜ್ ಓದಿ ನೋಡಿ, “ಸ್ವಾಮಿನೂ ಇದ್ದಾರೆ, ತಾಯೀನೂ ಇದ್ದಾರೆ. ಇನ್ನೇನು ಬೇಕು ಬಿಡಿ,” ಎಂದು ಸರಿ ಎಂದರು. ವಕೀಲರೂ ಒಪ್ಪಿದರು. ಯಂತ್ರಗಳು ಟೆಂಪೋದಲ್ಲಿ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದವು. ರೂಪಶ್ರೀಯನ್ನೂ ಕರೆದರು, ಅವಳು ಹೋಗಲಿಲ್ಲ.

ವಾರ ಕಳೆದ ಮೇಲೆ ಅಂಜನ್‌ಕುಮಾರ್ ಫೋನ್ ಮಾಡಿದ. “ಅಕ್ಕ, ನಮ್ಮ ಡೇರಿಗೆ ಸಿದ್ದಲಕ್ಷ್ಮಮ್ಮ ಅಂತ ಒಂದು ಅಜ್ಜಿ ಹಾಲು ತರುತ್ತೆ. ನಮ್ ಪ್ರಭು ಮೂರು ಲೀಟರ್ ಅಂದ್ರೆ, ‘ಹೂಂ ಕಣಪ್ಪ’ ಅಂತೈತೆ. ಯಂತ್ರ ಕಣಜ್ಜಿ ಅಂದೆ. ‘ಆದ್ರೇನ್ಲಾ, ಹೇಳಿದ್ಮೇಲೆ ಓಗೊಡ್ಬೇಕಲ್ಲ’ ಅಂತ ನನ್ನೇ ಬೈತು.”

“ಹೌದಾ,” ಎಂದಳು ರೂಪಶ್ರೀ.

“ದಿನಾ ಹಂಗೇ ಅಕ್ಕ. ಎರಡು ಹೊತ್ತೂ.”

“ಸರಿ ಕಣೋ,” ಎಂದು ಫೋನ್ ಇಟ್ಟಳು. ಮುಂದಿನ ಪ್ಯಾಕೇಜ್ ತೆರೆದು, ಬರೆದವರ ಹೆಸರನ್ನು ಹುಡುಕತೊಡಗಿದಳು.