ಬಂಡೆಯ ಮೇಲಿನ ಏಳನೇ ಬಾಣ

ಆ ಗುಡ್ಡದ ಮೇಲೆ ನಾನು ಬರೆದ ಬಾಣಗಳು ಒಟ್ಟು ಹನ್ನೊಂದು. ಏಳನೆಯದು ತಪ್ಪು. ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ. ಇದನ್ನೆಲ್ಲ ಬರೆಯಬೇಡಿ ಎಂದು ಬೇಕಾದವರು ಮೂವರು ಹೇಳಿದ್ದಾರೆ. ಬರೆಯುತ್ತೇನೆ.

ನಾನು ಹೊಳಲ್ಕೆರೆ ಪೇಟೆಯಲ್ಲಿ ಬೆಳೆದವನು, ಶ್ರೀರಾಂಪುರದ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಚಾರಣ ಕೂಟದ ಜೊತೆ ಗುಡ್ಡ ಹತ್ತುತ್ತೇನೆ. ಕೂಟದಲ್ಲಿ ಹೊಸದುರ್ಗದ ಮೇಷ್ಟ್ರುಗಳು, ಔಷಧಿ ಅಂಗಡಿಯವರು ಇದ್ದಾರೆ. ಚಿತ್ರದುರ್ಗ, ಹಿರಿಯೂರಿನಿಂದ ಬೆಳಗಿನ ಬಸ್ಸಿಗೆ ಬರುವವರೂ ಇದ್ದಾರೆ. ನಾವು ಹೆಚ್ಚಾಗಿ ಹೋಗುವುದು ಬಾಗೂರಿನಾಚೆಯ ಒಂದು ಗುಡ್ಡಕ್ಕೆ. ಅದರ ನೆತ್ತಿಯಲ್ಲಿ ನಿಂತರೆ ಒಂದು ಕಡೆ ಗಾಳಿಯಂತ್ರಗಳ ಸಾಲು, ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ವೇದಾವತಿಯ ಹಿನ್ನೀರು.

ದಾರಿ ತೋರಿಸುವವರು ಗುಡ್ಡದ ಬುಡದ ಹಳ್ಳಿಯ ಒಬ್ಬ ಹೆಂಗಸು. ಐವತ್ತು ದಾಟಿದವರು, ಮೇಕೆ ಕಾಯುತ್ತ ಗುಡ್ಡ ಕಲಿತವರು. ನಾವೆಲ್ಲ ಅಕ್ಕ ಎನ್ನುತ್ತೇವೆ. ಮೇಕೆಗಳನ್ನು ಸೊಸೆಗೆ ಬಿಟ್ಟ ಮೇಲೆ ಅವರಿಗೆ ಇದೇ ಕೆಲಸ. ಮಾರ್ಗದರ್ಶಿ ಎಂದು ಬರೆದ, ಫೋಟೋ ಇರುವ ಒಂದು ಕಾರ್ಡನ್ನು ಕೂಟ ಅವರಿಗೆ ಮಾಡಿಸಿಕೊಟ್ಟಿತ್ತು. ಅದು ಕೊರಳಲ್ಲಿ ಇಲ್ಲದಿದ್ದರೆ ಜನರನ್ನು ಮೇಲೆ ಕರೆದೊಯ್ಯುವಂತಿಲ್ಲ.

ಏಪ್ರಿಲ್‌ನಲ್ಲಿ ಕೂಟದವರು ದಾರಿಗುಂಟ ಬಾಣ ಬರೆಯಲು ಹೇಳಿದರು. ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡಿಕೊಂಡೆ. ಹಳದಿ ಪೇಂಟು. ಒಂದೊಂದೂ ಒಂದೇ ಅಳತೆ, ಅಂಚು ಚೂಪು. ಏಳನೆಯದನ್ನು ಬೋಳು ಬಂಡೆಯ ಬುಡದಲ್ಲಿ, ನೇರ ಮೇಲಕ್ಕೆ ಮುಖ ಮಾಡಿ ಬರೆದೆ. ಆ ದಿನ ಬಂಡೆ ಕಾದ ಹಂಚಿನ ಹಾಗೆ ಒಣಗಿತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. “ಮೇಷ್ಟ್ರೇ, ಇದು ಬ್ಯಾಸಿಗೆ ದಾರಿ. ಮಳೆ ಬಿದ್ರೆ ಪಾಚಿ ಕಟ್ತೈತೆ, ಆ ಕಡೆಯಿಂದ ಬಳಸಿ ಹೋಗ್ಬೇಕು.”

“ಎರಡು ಕಡೆಗೂ ಬಾಣ ಹಾಕಿದರೆ ಜನಕ್ಕೆ ಗೊಂದಲ ಆಗ್ತದೆ ಅಕ್ಕ.”

“ಒಂದೇ ಹಾಕಿದ್ರೆ ಗೊಂದಲ ಇಲ್ಲ ಬಿಡ್ರಿ. ಸೀದಾ ಜಾರಾದು.”

ಪೇಂಟಿನ ಡಬ್ಬ ಹಿಡಿದು ಬಂದಿದ್ದ ಕೂಟದ ಒಬ್ಬರೂ ನಾನೂ ನಕ್ಕೆವು. ಅಕ್ಕ ನಗಲಿಲ್ಲ. ಇದು ನನಗೆ ಸರಿಯಾಗಿ ನೆನಪಿದೆ.

ಮಳೆ ಶುರುವಾದ ಮೇಲೆ ಒಂದು ಶನಿವಾರ ಮಧ್ಯಾಹ್ನ, ಪೇಂಟು ಹೇಗಿದೆ ನೋಡೋಣವೆಂದು ಒಬ್ಬನೇ ಹೋದೆ. ಆರು ಬಾಣ ಚೆನ್ನಾಗಿದ್ದವು. ಏಳನೆಯದು ಕಾಣಲಿಲ್ಲ. ಅದರ ಮೇಲೆ ಮುಳ್ಳಿನ ಕೊಂಬೆಯೊಂದು ಅಡ್ಡ ಬಿದ್ದಿತ್ತು, ಕೊಂಬೆಯ ಬುಡದ ಮೇಲೆ ಒಂದು ಕಲ್ಲು. ಸೌದೆಯವರು ಕಡಿದು ಆಮೇಲೆ ಒಯ್ಯಲು ಇಟ್ಟದ್ದು ಅಂದುಕೊಂಡೆ. ಕಲ್ಲು ಸರಿಸಿ, ಕೊಂಬೆಯನ್ನು ಪೊದೆಗೆ ಎಸೆದೆ. ಬಾಣವನ್ನು ಕರವಸ್ತ್ರದಿಂದ ಒರೆಸಿದೆ. ಬಲ ಅಂಗೈಯಲ್ಲಿ ಎರಡು ಗೀರು ಬಿದ್ದವು.

ಮರುದಿನ ಭಾನುವಾರ. ರಾತ್ರಿ ಹನಿದಿತ್ತು. ಹದಿನಾರು ಜನ ಹೊರಟೆವು. ಮಂಡಿನೋವಿನ ಒಬ್ಬ ಹೆಂಗಸಿನ ಜೊತೆ ಅಕ್ಕ ಹಿಂದೆ ಉಳಿದರು. ಬಾಣಗಳು ಬರುವ ಮೊದಲು ಯಾರೂ ಅವರನ್ನು ದಾಟಿ ಹೋಗುತ್ತಿರಲಿಲ್ಲ. ಈಗ ಮುಂದಿನವರು ಬಾಣ ನೋಡಿಕೊಂಡು ಬಿರಬಿರನೆ ನಡೆದರು. ಎಲ್ಲರಿಗಿಂತ ಮುಂದೆ ಚಿತ್ರದುರ್ಗದ ಬ್ಯಾಂಕಿನ ಒಬ್ಬ ನೌಕರರಿದ್ದರು. ಅವರಿಂದ ಹತ್ತು ಹೆಜ್ಜೆ ಕೆಳಗೆ ನಾನು.

ಕೆಳಗಿನಿಂದ ಅಕ್ಕ ಕೂಗಿದರು, “ಬಂಡೆ ಮ್ಯಾಲೆ ಬ್ಯಾಡ, ನಿಲ್ರಿ, ಬಳಸಿ ಹೋಗಾಣ.”

ಬ್ಯಾಂಕಿನವರು ತಿರುಗಿ ನಗುತ್ತ ಹೇಳಿದರು, “ಬಾಣ ಇಲ್ಲೇ ಐತಲ್ಲಕ್ಕ, ನಿನಗಿಂತ ಮುಂದೆ ಬಂದು ನಿಂತೈತೆ.”

ಬಂಡೆಯ ಮೇಲೆ ಎಂಟು ಹೆಜ್ಜೆ ಇಟ್ಟರು. ಒಂಬತ್ತನೆಯದಕ್ಕೆ ಕಾಲು ನಿಲ್ಲಲಿಲ್ಲ. ಹೊಟ್ಟೆಯ ಮೇಲೆ ಜಾರಿಕೊಂಡು ಬಂದರು. ಎಡಗಾಲು ಬುಡದ ಬಿರುಕಿಗೆ ಸಿಕ್ಕಿತು. ಮೂಳೆ ಮುರಿದ ಸದ್ದು ಕೇಳಿಸಿತೆಂದು ಆಮೇಲೆ ಕೆಲವರು ಹೇಳಿದರು. ನನಗೆ ಕೇಳಿದ್ದು ಅವರ ನೀರಿನ ಬಾಟಲಿ ಉರುಳಿದ ಸದ್ದು ಮಾತ್ರ. ಒಂದು ಕಂಬಳಿಯಲ್ಲಿ ಅವರನ್ನು ಕೆಳಗಿಳಿಸಲು ಎರಡು ಗಂಟೆ ಹಿಡಿಯಿತು. ಎಲ್ಲಿ ಕಾಲಿಡಬೇಕು ಎಂದು ಅಕ್ಕ ಹಿಂದಕ್ಕೆ ನಡೆಯುತ್ತಲೇ ಹೇಳುತ್ತಿದ್ದರು. ಕಾಲು ಈಗ ಕೂಡುತ್ತಿದೆ.

ಬುಧವಾರ ಅದೇ ಹಳ್ಳಿಯ ಶಾಲೆಯ ಕೋಣೆಯಲ್ಲಿ ಕೂಟದ ಸಭೆ. ಅಧ್ಯಕ್ಷರು ವರದಿಯನ್ನು ಟೈಪ್ ಮಾಡಿಸಿಯೇ ತಂದಿದ್ದರು. ಮಾರ್ಗದರ್ಶಿಯ ನಿರ್ಲಕ್ಷ್ಯದಿಂದ ಅವಘಡವಾಗಿದೆ, ಅವರ ಕಾರ್ಡನ್ನು ಹಿಂಪಡೆಯಲಾಗಿದೆ ಎಂದಿತ್ತು. ಕಾರ್ಡು ಆಗಲೇ ಮೇಜಿನ ಮೇಲೆ, ಅಧ್ಯಕ್ಷರ ಕೈಯ ಪಕ್ಕದಲ್ಲಿತ್ತು.

“ಕುಂತ್ಕಳಮ್ಮ,” ಅಂದರು ಅಧ್ಯಕ್ಷರು. ಅಕ್ಕ ನಿಂತೇ ಇದ್ದರು. ಅಧ್ಯಕ್ಷರು ಮುಂದುವರಿಸಿದರು, “ಬಂಡೆ ಜಾರ್ತೈತೆ ಅಂತ ಗೊತ್ತಿದ್ರೆ ಮುಳ್ಳು ಎಳೀಬೇಕಿತ್ತು. ದಾರಿ ಮುಚ್ಚೈತೆ ಅನ್ನಾಕೆ ಮೇಕೆ ಕಾಯೋರು ಅದನ್ನೇ ತಾನೇ ಮಾಡೋದು?”

“ಎಳ್ದಿದ್ದೆ. ಶುಕ್ರವಾರ ಎಳ್ದು ಕಲ್ಲು ಹೇರಿ ಬಂದೆ. ಯಾರೋ ಕಿತ್ತವ್ರೆ.”

“ಯಾರಮ್ಮ ಕೀಳ್ತಾರೆ ಅದನ್ನ? ಕರಡಿನಾ?”

ಒಂದಿಬ್ಬರು ನಕ್ಕರು.

“ಕರಡಿಗೆ ಮುಳ್ಳಿನ ಅರ್ಥ ಗೊತ್ತೈತೆ ಸ್ವಾಮಿ. ಅದು ಮುಟ್ಟಾಕಿಲ್ಲ,” ಅಂದರು ಅಕ್ಕ.

ನನಗೆ ತಿಳಿದದ್ದು ಆಗ. ಅದಕ್ಕೂ ಮೊದಲು ತಿಳಿದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ, ಆದರೆ ಅದರಿಂದ ಯಾರ ಕಾಲೂ ನೆಟ್ಟಗಾಗುವುದಿಲ್ಲ. ಹೊಲದ ಬಾಯಿಗೆ ಮುಳ್ಳು ಎಳೆದಿದ್ದನ್ನು ಎಷ್ಟು ಸಲ ಕಂಡಿದ್ದೆನೋ. ಗುಡ್ಡದಲ್ಲಿ ಅದನ್ನೇ ಕಂಡಾಗ ನನಗೆ ಕಂಡದ್ದು ನನ್ನ ಬಾಣ ಮುಚ್ಚಿಹೋಗಿದೆ ಎನ್ನುವುದಷ್ಟೇ. ಎದ್ದು ನಿಂತೆ. “ಕಿತ್ತದ್ದು ನಾನು. ಶನಿವಾರ ಮಧ್ಯಾಹ್ನ.” ಅಂಗೈ ತೋರಿಸಿದೆ.

ಅಧ್ಯಕ್ಷರು ನನ್ನನ್ನು ಜಗುಲಿಗೆ ಕರೆದೊಯ್ದರು. “ಯಾಕ್ರೀ ಮೈಮೇಲೆ ಎಳ್ಕೊಳ್ತೀರಿ? ಬಾಣದ ವಿಷಯ ಹೊರಗೆ ಬಂದ್ರೆ ಕೂಟಾನೇ ಮುಚ್ಚಿಸ್ತಾರೆ. ಆಯಮ್ಮಂಗೇನು, ಮನೆ ಐತೆ, ಮೇಕೆ ಅವೆ. ನೀವು ನೌಕರಿ ಇರೋರು.”

“ವರದಿಯಲ್ಲಿ ಬರೀರಿ.”

“ನಾನು ಬರೆಯಲ್ಲ.”

“ಹಾಗಾದರೆ ನಾನು ಬರೀತೀನಿ.”

ಒಳಗೆ ಬಂದು, ಟೈಪಿನ ಸಾಲುಗಳ ಕೆಳಗೆ ಜಾಗ ಉಳಿದಿದ್ದಲ್ಲಿ ಬರೆಯತೊಡಗಿದೆ. ಏಪ್ರಿಲ್, ಅಕ್ಕನ ಮಾತು, ನನ್ನ ಉತ್ತರ, ಮುಳ್ಳು, ಕಲ್ಲು, ಕರವಸ್ತ್ರ. ಒಬ್ಬರು ಪೆನ್ನಿನ ಮೇಲೆ ಕೈಯಿಟ್ಟರು. ಕೈ ಸರಿಸಿ ಮುಂದುವರಿಸಿದೆ. ಪುಟದ ಹಿಂದಕ್ಕೂ ಹೋಯಿತು. ಮುಗಿದ ಮೇಲೆ ಗಟ್ಟಿಯಾಗಿ ಓದಿದೆ, ಅಕ್ಕನಿಗೆ ಓದು ಬರುವುದಿಲ್ಲವಾದ್ದರಿಂದ ನಿಧಾನವಾಗಿ.

ಮಾರ್ಗದರ್ಶಿ ಮೂರು ಸಲ ಕೂಗಿ ಎಚ್ಚರಿಸಿದರು ಎಂಬಲ್ಲಿಗೆ ಬಂದಾಗ ಅಕ್ಕ ತಡೆದರು. “ಎಲ್ಡು ಸಲ.”

“ಮೂರು ಅಂತ ನನ್ನ ನೆನಪು.”

“ಎಲ್ಡೇ. ಮೂರನೇದಕ್ಕೆ ಬಾಯಿ ತೆಗೆಯಾದ್ರಾಗೆ ಆಯಪ್ಪ ಬಿದ್ದಿದ್ದ. ಇದ್ದಷ್ಟು ಬರ್ಕಳ್ರಿ. ನಂಗೆ ಹೆಚ್ಗೆ ಬ್ಯಾಡ.”

ಮೂರನ್ನು ಹೊಡೆದು ಎರಡು ಮಾಡಿದೆ. ಕೆಳಗೆ ಸಹಿ ಹಾಕಿದೆ. ಅಕ್ಕ ಹೆಬ್ಬೆಟ್ಟು ಒತ್ತಿದರು. ನನ್ನ ಕಡೆ ನೋಡಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಅಷ್ಟು ಜನರ ಮುಂದೆ ಕೇಳಿದ್ದರೆ ಅವರು ಆಗಲಿ ಬಿಡಿ ಎನ್ನಬೇಕಾಗುತ್ತಿತ್ತು.

ಅಧ್ಯಕ್ಷರು ಸಹಿ ಹಾಕಲಿಲ್ಲ. “ಮ್ಯಾಲಿನೋರು, ಜಿಲ್ಲಾ ಕೂಟದೋರು, ತೀರ್ಮಾನ ಮಾಡ್ಲಿ. ಅಲ್ಲೀತಂಕ ಕಾರ್ಡು ಇಲ್ಲೇ ಇರ್ಲಿ,” ಅಂದರು.

ಅಕ್ಕ ಮೇಜಿನ ಹತ್ತಿರ ಬಂದು ಕಾರ್ಡು ತೆಗೆದುಕೊಂಡರು. “ಅಲ್ಲೀತಂಕ ನನ್ನ ಕೊಳ್ಳಾಗೇ ಇರ್ಲಿ. ಫೋಟೋದಾಗೆ ಇರಾಳು ನಾನೇ ಅಲ್ವಾ.” ದಾರವನ್ನು ತಲೆಯ ಮೇಲಿಂದ ಹಾಕಿಕೊಂಡು, ಜಡೆಯನ್ನು ಹೊರಗೆ ಎಳೆದುಕೊಂಡು ಹೋದರು.

ಕಾರ್ಡು ರದ್ದಾದ ಕಾಗದ ಇಂದಿನವರೆಗೆ ಬಂದಿಲ್ಲ. ಉಳಿಯಿತು ಎಂಬ ಕಾಗದವೂ ಬಂದಿಲ್ಲ.

ಮುಂದಿನ ಭಾನುವಾರ ಕೂಟ ರಜೆ ಎಂದು ಸಂದೇಶ ಬಂತು. ಆದರೂ ಐದು ಜನ ಬಂದೆವು. ಅಕ್ಕ ಮುಂದೆ, ನಾವು ಹಿಂದೆ, ಬಳಸುದಾರಿಯಲ್ಲಿ. ಅರ್ಧ ಗುಡ್ಡದಲ್ಲಿ ನನ್ನ ಫೋನು ಬಡಿದುಕೊಂಡಿತು. ಅಧ್ಯಕ್ಷರು. ಯಾರ ಪರ್ಮಿಷನ್ ಮೇಲೆ ಹತ್ತುತ್ತಿದ್ದೀರಿ ಎಂದು ಕೇಳಿದರು. ಫೋನನ್ನು ಕಿವಿಯಿಂದ ದೂರ ಹಿಡಿದು ಅಕ್ಕನ ಮುಖ ನೋಡಿದೆ.

“ಮ್ಯಾಲಿಂದ ಮಾತಾಡ್ತೀವಿ ಅನ್ರಿ,” ಅಂದರು, ನಡೆಯುತ್ತಲೇ. “ಇದು ಮಾತಾಡ್ಕೊಂಡು ಕಾಲಿಡೋ ಜಾಗ ಅಲ್ಲ.”