ರಟ್ಟಿನೊಳಗಿನ ನೂರನಲವತ್ತು ವರ್ಷ

ನಮ್ಮ ದೊಡ್ಡಮ್ಮ ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಿದ್ದಳು. ಅದಕ್ಕೆಂದೇ ಒಂದು ತಕ್ಕಡಿ ಇಟ್ಟಿದ್ದಳು. ಆ ತಕ್ಕಡಿಯ ಮೇಲೂ ಅನುಮಾನ ಬಂದು ವರ್ಷಕ್ಕೊಮ್ಮೆ ಅದನ್ನೂ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದಳು. ಹೊರಗೆ ಹೊರಟರೆ ಬೀಗವನ್ನು ಮೂರು ಸಲ ಜಗ್ಗುವುದು, ಬೀದಿಯ ತಿರುವಿನವರೆಗೆ ಹೋಗಿ ವಾಪಸ್ಸು ಬಂದು ನಾಲ್ಕನೇ ಸಲ ಜಗ್ಗುವುದು. ಫೋನು ಎತ್ತಿದರೆ "ಹಲೋ" ಎನ್ನುತ್ತಿರಲಿಲ್ಲ, "ಯಾಕೆ?" ಎನ್ನುತ್ತಿದ್ದಳು. ಅವಳನ್ನು ನೋಡಲು ಬಂದ ಒಬ್ಬನೇ ಒಬ್ಬ ಗಂಡನ್ನು "ಇಷ್ಟು ಬೇಗ ಯಾಕೆ ಒಪ್ಪಿಕೊಂಡ?" ಎಂದು ಅನುಮಾನಿಸಿ ಸಾಗಹಾಕಿದಳಂತೆ. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಇಂಥವಳ ಮನೆಯಲ್ಲಿ. ನನಗೆ ಅವಳ ಮೇಲಿರುವ ಪ್ರೀತಿ ನಿಜವಾದದ್ದೇ ಎಂದು ಅವಳಿಗೆ ಖಾತ್ರಿಯಾಗುವುದಕ್ಕೆ ಆರು ವರ್ಷ ಹಿಡಿಯಿತು.

ಅವಳಿಗೆ ಹೇಳಿ ಮಾಡಿಸಿದಂಥ ಕೆಲಸವೇ ಸಿಕ್ಕಿತ್ತು. ಊರಿನ ದೊಡ್ಡ ಗ್ರಂಥಾಲಯದ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕೂತು, ಹೊರಗೆ ಹೋಗುವವರ ಚೀಲ ನೋಡುವುದು. ಇಪ್ಪತ್ತಮೂರು ವರ್ಷ ಅದೇ ಮಾಡಿದಳು. ಓದುಗರು ಅವಳಿಗೆ "ಪತ್ತೇದಾರಮ್ಮ" ಎಂದು ಹೆಸರಿಟ್ಟಿದ್ದರು. ಆಮೇಲೆ ಮಂಡಿ ಕೈಕೊಟ್ಟಿತು, ಎದ್ದು ಕೂತು ಮಾಡುವುದು ಕಷ್ಟವಾಯಿತು. ಅವಳನ್ನು ಒಳಗಿನ ದುರಸ್ತಿ ಕೋಣೆಗೆ ಹಾಕಿದರು. ಹರಿದ ಪುಸ್ತಕ ಹೊಲಿಯುವುದು, ಹುಳ ತಿಂದ ರಟ್ಟು ತೆಗೆದು ಹೊಸದು ಹಾಕುವುದು. ಆ ಕೋಣೆಯಲ್ಲಿ ಅವಳಿಗಿಂತ ಮೊದಲು ಮೂವತ್ತು ವರ್ಷ ಕೂತಿದ್ದವರು ಅವಳ ಅಪ್ಪ, ಅಂದರೆ ನನ್ನ ತಾತ. ಅವರು ಆ ಗ್ರಂಥಾಲಯದ ಬೈಂಡರು.

ಜಗತ್ತಿನಲ್ಲಿ ದೊಡ್ಡಮ್ಮ ಅನುಮಾನಿಸದೆ ಬಿಟ್ಟದ್ದು ತಾತನನ್ನು ಮಾತ್ರ. ನಡುಮನೆಯಲ್ಲಿ ಅವರ ಫೋಟೋ ಇತ್ತು. ನಾನು ನೋಟ್‌ಬುಕ್ಕಿನ ಒಂದು ಹಾಳೆ ಹರಿದರೂ ಆ ಕಡೆ ಬೆರಳು ತೋರಿಸಿ, "ನಿಮ್ಮ ತಾತ ಒಂದು ಚೂರು ಕಾಗದ ವ್ಯರ್ಥ ಮಾಡಿದವರಲ್ಲ" ಎನ್ನುತ್ತಿದ್ದಳು. ನಿಜವೇ ಇರಬೇಕು. ಆ ಕಾಲದಲ್ಲಿ ಗ್ರಂಥಾಲಯಕ್ಕೆ ರಟ್ಟು ಕೊಳ್ಳುವ ಅನುಕೂಲವಿರಲಿಲ್ಲ. ಬೇಡವಾದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಲ್ಲು ಹೇರಿ, ಒಣಗಿಸಿ ತಾತನೇ ರಟ್ಟು ತಯಾರಿಸುತ್ತಿದ್ದರಂತೆ. ಯಾವುದು ಬೇಡವಾದದ್ದು ಎಂದು ಯಾರು ಹೇಳುತ್ತಿದ್ದರೋ, ಆ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ಈಗ ಆ ಗ್ರಂಥಾಲಯದ ಹೆಮ್ಮೆಯ ವಿಷಯ ಹೇಳಬೇಕು. ನಮ್ಮ ಸೀಮೆಯ ಸಾಹಿತ್ಯ ಚರಿತ್ರೆಯನ್ನು ಅಲ್ಲಿಯ ವಿದ್ವಾಂಸರು ಆರು ಸಂಪುಟಗಳಲ್ಲಿ ಬರೆದಿದ್ದರು. ಮೊದಲನೆಯದರಲ್ಲಿ ಕಲ್ಲಿನ ಮೇಲೆ ಕೆತ್ತಿದ ಸಾಲುಗಳು, ಯುದ್ಧದಲ್ಲಿ ಸತ್ತವರ ಹೊಗಳಿಕೆ. ಎರಡನೆಯದರಲ್ಲಿ ಆಸ್ಥಾನದ ಕವಿಗಳು. ರಾಜನನ್ನು ಹೊಗಳಿ, ರಾಜನ ಕುದುರೆಯನ್ನು ಹೊಗಳಿ, ಉಸಿರು ಉಳಿದರೆ ಒಂದಿಷ್ಟು ಬೆಳದಿಂಗಳನ್ನು ಹೊಗಳಿದವರು. ಮೂರನೆಯದರಲ್ಲಿ ಆಸ್ಥಾನಕ್ಕೆ ಬೆನ್ನು ಹಾಕಿ ಹೊರಟ ವೈರಾಗಿಗಳ ಹಾಡು. ನಾಲ್ಕನೆಯದು ಶುರುವಾಗುವುದು ಅಚ್ಚಿನ ಮನೆ ಬಂದ ಮೇಲೆ. ಮೂರಕ್ಕೂ ನಾಲ್ಕಕ್ಕೂ ನಡುವೆ ನೂರನಲವತ್ತು ವರ್ಷ ಖಾಲಿ. "ಈ ಅವಧಿಯಲ್ಲಿ ಗಮನಾರ್ಹವಾದ ಸಾಹಿತ್ಯ ರಚನೆಯಾಗಲಿಲ್ಲ" ಎನ್ನುವುದು ನಾಲ್ಕನೇ ಸಂಪುಟದ ಮೊದಲ ವಾಕ್ಯ. ನಾನೂ ಅದನ್ನು ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಬರೆದು ಎರಡು ಅಂಕ ಗಿಟ್ಟಿಸಿದ್ದೇನೆ.

ಇದನ್ನು ಒಪ್ಪದವರು ಒಬ್ಬರೇ, ಹೈಸ್ಕೂಲಿನ ಮೇಷ್ಟ್ರು. "ಐದಾರು ತಲೆಮಾರು ಜನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?" ಎಂದು ಕೇಳುತ್ತಿದ್ದರು. ಗ್ರಂಥಾಲಯದ ಹಳೆಯ ದಾಖಲೆ ಪುಸ್ತಕದಲ್ಲಿ ಅವರಿಗೆ ಒಂದು ಸಾಲು ಸಿಕ್ಕಿತ್ತು. ಕ್ರಮಸಂಖ್ಯೆ ೧೧೮೪, ಕೈಬರಹ, ಹಲವು ಕಸುಬಿನವರ ಪದಗಳು. ಪಕ್ಕದಲ್ಲಿ ಕಾಲ ಬರೆದಿತ್ತು; ಸರಿಯಾಗಿ ಆ ಖಾಲಿ ವರ್ಷಗಳ ನಡುವಿನದು. ಮೇಷ್ಟ್ರು ಚೀಟಿ ಬರೆದು ಪುಸ್ತಕ ಕೇಳಿದರು. ಕಪಾಟಿನಲ್ಲಿ ಪುಸ್ತಕ ಇರಲಿಲ್ಲ.

ವರ್ಷವರ್ಷವೂ ಪುಸ್ತಕಗಳ ಎಣಿಕೆ ನಡೆಯುತ್ತಿತ್ತು, ಅಂದರೆ ಗುಮಾಸ್ತರು ಕೂತಲ್ಲೇ ಸಾಲಾಗಿ ಗುರುತು ಹಾಕುತ್ತಿದ್ದರು. ಹಾಗಾಗಿ ಮೇಷ್ಟ್ರು ಕೇಳುವ ದಿನದವರೆಗೂ ಆ ಪುಸ್ತಕ ಕಾಗದದ ಮೇಲೆ ಇದ್ದೇ ಇತ್ತು. ಕೊನೆಯ ಚೀಟಿ ಅವರದು, ತಾವೇ ಎತ್ತಿಕೊಂಡು ಹೋಗಿ ಇಲ್ಲವೆನ್ನುತ್ತಿದ್ದಾರೆ ಎಂದು ಗುಮಾನಿ ಅವರ ಮೇಲೇ ಬಂತು. ವಿಚಾರಣೆ ನಡೆಯಿತು. ಬಾಗಿಲಲ್ಲಿ ಕೂರುತ್ತಿದ್ದ ದೊಡ್ಡಮ್ಮನನ್ನು ಕರೆದರು. "ಅವತ್ತು ಅವರ ಚೀಲ ಉಬ್ಬಿತ್ತು" ಎಂದಳು. ಊಟದ ಡಬ್ಬಿ ಮತ್ತು ಕೊಡೆ ಇತ್ತು ಎಂದರು ಮೇಷ್ಟ್ರು. "ಬಿರುಬಿಸಿಲಿನ ದಿನ ಕೊಡೆ ಯಾಕೆ?" ಎಂದು ದೊಡ್ಡಮ್ಮ ಕೇಳಿದಳು. ಅಲ್ಲಿಗೆ ಮುಗಿಯಿತು. ಮೇಷ್ಟ್ರ ಓದುಗರ ಚೀಟಿ ರದ್ದಾಯಿತು, ಶಾಲೆಗೆ ಪತ್ರ ಹೋಯಿತು. ಕೆಲಸ ಉಳಿಯಿತು, ಮಾನ ಉಳಿಯಲಿಲ್ಲ. ಹುಡುಗರು ಬೋರ್ಡಿನ ಮೇಲೆ ೧೧೮೪ ಎಂದು ಬರೆದಿಟ್ಟು ಮುಸಿಮುಸಿ ನಗುತ್ತಿದ್ದರಂತೆ. ಆ ಕೊಡೆಯ ಪ್ರಶ್ನೆಯನ್ನು ದೊಡ್ಡಮ್ಮ ನನಗೆ ನೂರು ಸಲ ಹೇಳಿದ್ದಾಳೆ, ಪದಕ ತೋರಿಸುವ ಹಾಗೆ.

ಇದಾಗಿ ಇಪ್ಪತ್ತೆರಡು ವರ್ಷದ ಮೇಲೆ, ದೊಡ್ಡಮ್ಮನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ, ಅವಳ ನಡವಳಿಕೆ ಬದಲಾಯಿತು. ಸಕ್ಕರೆ ತೂಗುವುದನ್ನು ಬಿಟ್ಟಳು. ನನಗೆ ಗಾಬರಿಯಾದದ್ದೇ ಆಗ. ಕೆಲಸದಿಂದ ಬಂದವಳು ಚೀಲವನ್ನು ಎದೆಗವುಚಿಕೊಂಡು ಸೀದಾ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವಳು. ಒದ್ದೆ ಕಾಗದದ ವಾಸನೆ, ಹಳೆ ಅಂಟಿನ ಮುಗ್ಗಲು ಬಾಗಿಲ ಸಂದಿಯಿಂದ ಬರುತ್ತಿತ್ತು. "ಏನ್ ಮಾಡ್ತಿದೀಯಾ?" ಎಂದರೆ "ನಿಂಗ್ಯಾಕೆ?" ಎನ್ನುವಳು. ತಾತನ ಫೋಟೋ ಗೋಡೆಯಿಂದ ಇಳಿದು ಬೀರುವಿನ ಹಿಂದೆ ಸೇರಿತು. ಮೊಳೆ ಸಡಿಲವಾಗಿತ್ತಂತೆ. ನಾನು ಮುಟ್ಟಿ ನೋಡಿದೆ, ಮೊಳೆ ಗಟ್ಟಿಯಾಗಿಯೇ ಇತ್ತು.

ಅನುಮಾನವೆನ್ನುವುದನ್ನು ನಾನು ಕಲಿತದ್ದು ಅವಳಿಂದಲೇ, ಅವಳ ಮೇಲೆಯೇ ಪ್ರಯೋಗಿಸಿದೆ. ಒಂದು ಭಾನುವಾರ ಬೆಳಿಗ್ಗೆ ಅವಳು ತರಕಾರಿಗೆ ಹೋದಾಗ ಕೋಣೆಗೆ ನುಗ್ಗಿದೆ. ಮಂಚದ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಗಂಟು ಇತ್ತು, ಬಿಚ್ಚಿದೆ. ಹಳೆಯ ಹಾಳೆಗಳು. ಅಂಚು ಕತ್ತರಿಸಿದ್ದವು, ಅಂಟಿನ ಕಲೆ ಹತ್ತಿದ್ದವು, ಮೈತುಂಬ ಕೈಬರಹ. ಎಣಿಸಿದೆ, ನಲವತ್ತಾರು. ಇಪ್ಪತ್ತಮೂರು ವರ್ಷ ಊರವರ ಚೀಲಕ್ಕೆ ಕೈ ಹಾಕಿದವಳು ಗ್ರಂಥಾಲಯದ ಹಾಳೆ ಕದ್ದು ಮನೆಗೆ ತಂದಿದ್ದಾಳೆ. ಮಾರುವುದಕ್ಕೋ? ಯಾರಿಗೆ? ನಾಲ್ಕು ತಿಂಗಳಲ್ಲಿ ಇನ್ನೆಷ್ಟು ಬರಲಿದೆ?

"ಕೊನೆಗೂ ನನ್ನ ಚೀಲ ನೋಡ್ದೆ ಅಂತಾಯ್ತು" ಎಂದು ಹಿಂದಿನಿಂದ ದನಿ ಬಂತು. ದೊಡ್ಡಮ್ಮ ಬೀಗ ನೋಡಲು ತಿರುವಿನಿಂದ ವಾಪಸ್ಸು ಬಂದಿದ್ದಳು.

ನಾನು ಕೂಗಾಡಲಿಲ್ಲ. "ಇದೇನು ಅಂತ ಹೇಳು, ಇಲ್ಲಾ ನಾನೇ ಗ್ರಂಥಪಾಲಕರಿಗೆ ಹೇಳ್ತೀನಿ" ಎಂದೆ. ಅವಳು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ತಂದಳು, ಎರಡನ್ನೂ ಅವಳೇ ಕುಡಿದಳು. ಆಮೇಲೆ ಎರಡು ಹಾಳೆ ಎತ್ತಿ ಪಕ್ಕಪಕ್ಕ ಇಟ್ಟಳು. ಒಂದರ ಅಂಚಿನಲ್ಲಿ ಗ್ರಂಥಾಲಯದ ಮುದ್ರೆಯ ಎಡ ಅರ್ಧ, ಇನ್ನೊಂದರಲ್ಲಿ ಬಲ ಅರ್ಧ. ಕೂಡಿಸಿದರೆ ಸಂಖ್ಯೆ ೧೧೮೪.

ಹಳೆಯ ಸರ್ಕಾರಿ ವರದಿಗಳ ರಟ್ಟು ಹುಳ ಹಿಡಿದಿತ್ತಂತೆ. ಬಿಡಿಸಲು ಒದ್ದೆ ಮಾಡಿದಾಗ ಪದರ ಪದರವಾಗಿ ಬರಹ ಎದ್ದಿತು. ಅವಳಿಗೆ ಮೊದಲು ಬಂದ ಯೋಚನೆ, ಮೇಷ್ಟ್ರೇ ಯಾವತ್ತೋ ಒಳನುಗ್ಗಿ ಇಟ್ಟಿರಬೇಕು ಎಂದು. ಅವಳು ಬೇರೆ ಇನ್ನೇನು ಯೋಚಿಸಿಯಾಳು? ಆದರೆ ಆ ವರದಿಯ ಹೊಲಿಗೆಯ ದಾರ ಎರಡು ಸುತ್ತು ಹಾಕಿ ಹಿಂದಕ್ಕೆಳೆದ ಗಂಟಿನಲ್ಲಿ ಮುಗಿದಿತ್ತು. ಆ ಗಂಟನ್ನು ಹಾಕಲು ಬರುತ್ತಿದ್ದವರು ಇಬ್ಬರೇ. ಒಬ್ಬರು ತಾತ. ಇನ್ನೊಬ್ಬಳು ಅವರಿಂದ ಕಲಿತ ದೊಡ್ಡಮ್ಮ.

"ಅಪ್ಪನಿಗೆ ಓದೋಕೆ ಬರ್ತಿರಲಿಲ್ಲ ಕಣೇ" ಎಂದಳು. "ಯಾರೋ ಕಪಾಟು ಖಾಲಿ ಮಾಡಬೇಕು ಅಂದಿರ್ತಾರೆ. ಗಟ್ಟಿ ಕಾಗದ, ಒಳ್ಳೇ ರಟ್ಟಾಗುತ್ತೆ ಅಂತ ಅಪ್ಪ ಅಂದ್ಕೊಂಡಿರ್ತಾರೆ."

ನೂರನಲವತ್ತು ವರ್ಷದ ಸಾಹಿತ್ಯ ಅಚ್ಚುಕಟ್ಟಾಗಿ ಅಂಟು ಬಳಿಸಿಕೊಂಡು ಭೂಕಂದಾಯದ ವರದಿಗೆ ರಟ್ಟಾಗಿ ನಿಂತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಳೆಗಳನ್ನು ಓದತೊಡಗಿದೆ. ಪ್ರತಿ ಪದದ ಕೆಳಗೆ ಹೆಸರಿಲ್ಲ, ಕಸುಬು ಮಾತ್ರ. ಒಬ್ಬ ದೋಣಿಯವನು:

ಬಿಟ್ಟ ದಡ ಕಣ್ಣ ಮುಂದೆ,
ಸೇರುವ ದಡ ಬೆನ್ನ ಹಿಂದೆ.
ಹುಟ್ಟು ಹಾಕುವವನಿಗೆ
ಹೋಗುವುದೆಂದರೆ ನೋಡುತ್ತ ಬಿಡುವುದು.

ಒಬ್ಬ ಸೂಲಗಿತ್ತಿ:

ನೂರು ಮನೆಗೆ ಮಗು ಎತ್ತಿ ಕೊಟ್ಟೆ,
ಒಂದು ಮನೆಯಲ್ಲೂ ಕೂರು ಎನ್ನಲಿಲ್ಲ.

ಇವರಿಗೆ "ಗಮನಾರ್ಹ" ಎನಿಸಿಕೊಳ್ಳಲು ಯಾರ ಅಪ್ಪಣೆ ಬೇಕಿತ್ತು?

"ವಾಪಸ್ ಅಂಟಿಸಿಬಿಡ್ತೀನಿ" ಎಂದಳು ದೊಡ್ಡಮ್ಮ. "ಇನ್ನು ನಾಲ್ಕೇ ತಿಂಗಳು. ಸತ್ತವರ ಹೆಸರು ಯಾಕೆ ಕೆಡಿಸೋದು?"

"ಬದುಕಿರೋರ ಹೆಸರು ಕೆಡಿಸಿದ್ಯಲ್ಲ, ಅದು?"

ಅವಳು ಹಾಳೆಗಳನ್ನು ಒಂದೊಂದಾಗಿ ಟವೆಲ್ಲಿನಲ್ಲಿ ಮತ್ತೆ ಸುತ್ತಿದಳು. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಅವತ್ತು ಅವರ ಚೀಲ ನಾನು ನೋಡಲೇ ಇಲ್ಲ. ಮೇಷ್ಟ್ರಲ್ವಾ, ಅಂತ ಹಾಗೇ ಬಿಟ್ಟೆ. ಆಮೇಲೆ ಪುಸ್ತಕ ಇಲ್ಲ ಅಂತಾದಾಗ, ನಂಬಿ ಮೋಸ ಹೋದೆ ಅಂದ್ಕೊಂಡೆ. ಮೊದಲೇ ಅನುಮಾನದವಳು, ಅವತ್ತಿಂದ ಯಾರನ್ನೂ ನಂಬಲಿಲ್ಲ. ನಂಬಿದ್ದೇ ಸರಿಯಾಗಿತ್ತು ನೋಡು."

ಮರುಕ ಬಂತು, ಆದರೆ ನಂಬಿಕೆ ಬರಲಿಲ್ಲ. ಮುಂದಿನ ಹತ್ತು ದಿನ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾದೆ. ಒಲೆಯ ಮುಂದೆ ನಿಂತರೆ ಹಿಂದೆ ಹೋಗಿ ನಿಂತೆ. ಕಸದ ಬುಟ್ಟಿ ಕೆದಕಿದೆ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ಗಂಟು ಬಿಚ್ಚಿ ಎಣಿಸಿದೆ. ನಲವತ್ತಾರು. ನಲವತ್ತಾರು. ಹನ್ನೊಂದನೆಯ ದಿನ ಮಂಚದ ಕೆಳಗೆ ಬರೀ ಟವೆಲ್ಲಿತ್ತು.

ಕೆಲಸಕ್ಕೆ ರಜೆ ಹಾಕಿ ಓಡಿದೆ. ಸುಟ್ಟಳೋ, ಅಂಟಿಸಿಯೇ ಬಿಟ್ಟಳೋ ಎಂದು ದಾರಿಯುದ್ದಕ್ಕೂ ಶಪಿಸುತ್ತ ಹೋದೆ. ಗ್ರಂಥಾಲಯದ ಓದುವ ಕೋಣೆಯ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಹಾಳೆಗಳು ಅದರ ಮೇಲಿದ್ದವು. ಒಂದು ಬದಿಯಲ್ಲಿ ದೊಡ್ಡಮ್ಮ, ಅವಳ ಪಕ್ಕ ಗ್ರಂಥಪಾಲಕರು, ಅವರ ಕೈಯಲ್ಲಿ ಅವಳ ದುಂಡನೆಯ ಅಕ್ಷರದ ಪತ್ರ. "ನನ್ನ ತಂದೆ ಕತ್ತರಿಸಿದರು. ನಾನು ನೋಡದೆ ಸಾಕ್ಷಿ ಹೇಳಿದೆ. ಹಾಳೆಗಳನ್ನು ಮನೆಗೆ ಒಯ್ದದ್ದೂ ತಪ್ಪು" ಎಂದು ಮೂರು ವಾಕ್ಯ. ಹಿಂದಿನ ದಿನವೇ ಕೊಟ್ಟಿದ್ದಳಂತೆ. ನಾನು ಬಾಗಿಲಲ್ಲೇ ನಿಂತೆ. ಹತ್ತು ದಿನ ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು.

ಮೇಜಿನ ಈಚೆ ಮೇಷ್ಟ್ರು ನಿಂತಿದ್ದರು. ಎಪ್ಪತ್ತು ದಾಟಿದ ಸಣಕಲು ದೇಹ, ಹೆಗಲಿಗೆ ಚೀಲ. ಗ್ರಂಥಪಾಲಕರು ಹೇಳಿಕಳಿಸಿದ್ದಕ್ಕೆ ಬಂದಿದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ, ಓದಿ" ಎಂದರು ಗ್ರಂಥಪಾಲಕರು.

ಮೇಷ್ಟ್ರು ಕೂರಲಿಲ್ಲ. "ಇದನ್ನ ನೀವೇ ಬರೆಸಿಟ್ಟಿಲ್ಲ ಅಂತ ಹೇಗೆ ನಂಬೋದು?" ಎಂದರು. ಮುದ್ರೆಯ ಎರಡು ಅರ್ಧಗಳನ್ನು ತೋರಿಸಿದ ಮೇಲೆ, "ಮೊದಲು ಎಣಿಸಿ. ನನ್ನ ಎದುರಿಗೇ ಎಣಿಸಿ. ಆಮೇಲೆ ಒಂದು ಕಡಿಮೆ ಆಯ್ತು ಅನ್ನಬಾರದು" ಎಂದರು.

ದೊಡ್ಡಮ್ಮ ಎಣಿಸಿದಳು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಮುಟ್ಟಲಿಲ್ಲ. ಒಂದು ಹಾಳೆ ಓದಿ ಮುಗಿಸಿದಾಗ ತಲೆ ಅಲ್ಲಾಡಿಸುವರು, ದೊಡ್ಡಮ್ಮ ಮಗುಚುವಳು. ಹೀಗೆ ನಲವತ್ತಾರು ಹಾಳೆ. ಅವಳಿಗೆ ಮಂಡಿ ನೋವು, ಆದರೂ ಅವಳೂ ಕೂರಲಿಲ್ಲ. ಸೂಲಗಿತ್ತಿಯ ಹಾಳೆ ಬಂದಾಗ ಮೇಷ್ಟ್ರು ಬಹಳ ಹೊತ್ತು ತಲೆ ಅಲ್ಲಾಡಿಸಲಿಲ್ಲ. ನಾಲ್ಕನೇ ಸಂಪುಟದ ಮೊದಲ ವಾಕ್ಯ ಹೊಸ ಮುದ್ರಣದಲ್ಲಿ ಹೋಗುತ್ತದೆ ಎಂದು ಗ್ರಂಥಪಾಲಕರು ನಿಧಾನವಾಗಿ ಹೇಳಿದರು. ಮೇಷ್ಟ್ರಿಗೆ ಕೇಳಿಸಿತೋ ಇಲ್ಲವೋ.

ಓದಿ ಮುಗಿದ ಮೇಲೆ ದೊಡ್ಡಮ್ಮ, "ತಪ್ಪಾಯ್ತು ಮೇಷ್ಟ್ರೇ" ಎಂದಳು. ಅವರು ಬಾಗಿಲವರೆಗೆ ನಡೆದು, ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕೂರುತ್ತಿದ್ದ ಮೇಜಿನ ಪಕ್ಕ ನಿಂತರು. ಅಲ್ಲಿ ಈಗ ಯಾರೂ ಕೂರುವುದಿಲ್ಲ. ಹೆಗಲಿನ ಚೀಲ ಇಳಿಸಿ, ಬಾಯಿ ಅಗಲಿಸಿ, ಅವಳ ಕಡೆಗೆ ಹಿಡಿದರು.

"ನೋಡ್ಕೊಳ್ಳಿ" ಎಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನೋಡಲಿ ಎಂದೇ ಹಿಡಿದಿದ್ದರು.

"ಬೇಡ ಮೇಷ್ಟ್ರೇ."

"ಇಲ್ಲ, ಈ ಸಲ ನೋಡಿ."

ದೊಡ್ಡಮ್ಮ ಕುಂಟುತ್ತ ಹೋಗಿ ಬಗ್ಗಿ ನೋಡಿದಳು. ನಾನೂ ಅವಳ ಹೆಗಲ ಮೇಲಿಂದ ನೋಡಿದೆ. ಹೊರಗೆ ಬಿಸಿಲು ಸುಡುತ್ತಿತ್ತು. ಚೀಲದಲ್ಲಿ ಒಂದು ಊಟದ ಡಬ್ಬಿ ಇತ್ತು, ಒಂದು ಕೊಡೆ ಇತ್ತು.