ಹದಿನೈದು ಎಣಿಸುವಷ್ಟರಲ್ಲಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಸುಳ್ಳು ಕಟ್ಟಿ ಹೇಳುವ ಆಸೆ ನನಗಿದ್ದಿದ್ದರೆ ನನ್ನ ಮರ್ಯಾದೆ ಹೆಚ್ಚುವಂಥದ್ದೇನನ್ನಾದರೂ ಕಟ್ಟುತ್ತಿದ್ದೆ. ಇದು ನಡೆದದ್ದು, ನಡೆದ ಹಾಗೇ. ಅವತ್ತು ಆ ಮನೆಯಲ್ಲಿದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಹೆಂಡತಿಗೂ ಹೇಳದೆ ಇಷ್ಟು ವರ್ಷ ನುಂಗಿಕೊಂಡಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು. ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇತ್ತು. ಮೆಟ್ಟಿಲು, ಹೂಕುಂಡ, ಕೊಳ ಬರೆದ ಒಂದು ಪರದೆ, ಒಂದು ಕೆತ್ತನೆಯ ಕುರ್ಚಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೊಡ್ಡ ಕ್ಯಾಮೆರಾ. ಊರಿಗೆ ಊರೇ ರೇಷ್ಮೆಗೂಡು ಬೇಯಿಸುವ ವಾಸನೆ. ಹಗಲೆಲ್ಲ ಮದುವೆಯಾದ ಜೋಡಿಗಳು, ಶಾಲೆಯ ಗ್ರೂಪ್ ಫೋಟೋಗಳು. ಸಂಜೆ ಚೂಪು ಪೆನ್ಸಿಲ್ ಹಿಡಿದು ಕೂತು, ಗಾಜಿನ ನೆಗೆಟಿವ್ ಪ್ಲೇಟುಗಳ ಮೇಲೆ ಜನರ ಮುಖದ ಸಿಡುಬಿನ ಕಲೆ ಅಳಿಸುತ್ತಿದ್ದೆ. ಭಾನುವಾರ ಬಂದರೆ ಚಿಕ್ಕ ರೈಲು ಹತ್ತಿ ನಂದಿಗೆ ಹೋಗಿಬಿಡುತ್ತಿದ್ದೆ. ದೇವಸ್ಥಾನದ ಕಂಬಗಳ ಮೇಲೆ ಬಿಸಿಲು ಸರಿಯುವುದನ್ನು ಕಾದು ಕೂತು ತೆಗೆಯುವುದು ನನ್ನ ಹುಚ್ಚು. ಆ ಫೋಟೋಗಳನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಯಾರಿಗೂ ತೋರಿಸುತ್ತಿರಲಿಲ್ಲ.

ಇನ್ನೊಂದು ಕೆಲಸವೂ ಇತ್ತು. ಬದುಕಿರುವಾಗ ಒಂದು ಫೋಟೋ ತೆಗೆಸಿಕೊಳ್ಳದೆ ತೀರಿಕೊಂಡವರ ಮನೆಯಿಂದ ಕರೆ ಬರುತ್ತಿತ್ತು. ಹೆಣವನ್ನು ಗೋಡೆಗೆ ಒರಗಿಸಿ, ಹಾರ ಹಾಕಿ ಕೂರಿಸಿರುತ್ತಿದ್ದರು. ಬೆಳಕು ಕಡಿಮೆ ಇದ್ದರೆ ಲೆನ್ಸಿನ ಮುಚ್ಚಳ ತೆಗೆದು ಹತ್ತೋ ಹದಿನೈದೋ ಎಣಿಸಬೇಕು. ಅಷ್ಟು ಹೊತ್ತು ಬದುಕಿರುವವರು ಅಲುಗಾಡದೆ ಕೂರುವುದು ಕಷ್ಟ. ಒಂಚೂರು ಕದಲಿದರೂ ಮುಖ ಕಲಸಿಹೋಗುತ್ತದೆ. "ಹೆಣದಂಥ ಗಿರಾಕಿ ಇನ್ನೊಬ್ಬನಿಲ್ಲ ಕಣೋ, ಫೋಟೋ ಕೆಡಿಸೋದೇ ಇಲ್ಲ" ಎಂದು ಹೋಟೆಲಿನಲ್ಲಿ ಸ್ನೇಹಿತರ ಎದುರು ನಗಾಡುತ್ತಿದ್ದೆ. ಆಗ ನನಗೆ ಇಪ್ಪತ್ತಾರು.

ದೀಪಾವಳಿ ಕಳೆದು ವಾರವಾಗಿತ್ತು. ರಾತ್ರಿ ಹತ್ತರ ಸುಮಾರಿಗೆ ಬಾಗಿಲು ಬಡಿದರು. ತೆಗೆದರೆ ಕಂಬಳಿ ಹೊದ್ದ ಒಬ್ಬ ಗಂಡಸು. ಅವನ ಹಿಂದೆ ಎತ್ತಿನ ಗಾಡಿ.

"ಫೋಟೋದೋರು ನೀವೇನಾ ಸ್ವಾಮಿ? ನಾನು ನಾರಾಯಣಪ್ಪ ಅಂತ. ನಮ್ ತಂಗಿ ರತ್ನಮ್ಮ ಹೋಗ್ಬಿಟ್ಲು..."

"ಯಾವಾಗ?"

"ಹೊತ್ತು ಮುಳುಗೋಕೆ ಮುಂಚೆ. ರೇಷ್ಮೆಹುಳುಗೆ ಹಾಕೋ ಸೊಪ್ಪಿನ ರಾಶೀಲಿ ಹಾವಿತ್ತು, ಕಚ್ಚಿಬಿಡ್ತು. ಮಂತ್ರ ಹಾಕೋರು ಬಂದು ನೋಡಿ, ಮುಗೀತು ಅಂದ್ರು. ಕೋಳಿ ಕೂಗೋ ಹೊತ್ಗೆ ಮಣ್ಣು ಮಾಡ್ಬೇಕು. ಹದಿನೆಂಟು ವರ್ಷದ ಹುಡುಗಿ ಸ್ವಾಮಿ, ಒಂದು ಫೋಟೋನೂ ಇಲ್ಲ. ಫೋಟೋ ತೆಗೀದೆ ಎತ್ತೋಕೆ ಬಿಡಲ್ಲ ಅಂತ ನಮ್ಮಮ್ಮ ಕೂತವ್ಳೆ."

ಕ್ಯಾಮೆರಾ ಪೆಟ್ಟಿಗೆ ಹೇರಿಕೊಂಡು ಹೊರಟೆ. ಗಾಡಿಯ ಕೆಳಗೆ ಲಾಟೀನು ತೂಗಾಡುತ್ತಿತ್ತು. ಎರಡೂ ಕಡೆ ಹಿಪ್ಪುನೇರಳೆ ತೋಟದ ಕತ್ತಲು. ನಾರಾಯಣಪ್ಪನ ಹಳ್ಳಿ ಮುಟ್ಟಿದಾಗ ನಡುರಾತ್ರಿ ದಾಟಿತ್ತು.

ಮನೆಯೊಳಗೆ ಕಾಲಿಟ್ಟ ತಕ್ಷಣ ಮೊದಲು ಕೇಳಿಸಿದ್ದು ಮಳೆಯ ಸದ್ದು. ಸಣ್ಣಗೆ, ಒಂದೇ ಸಮ, ಒಣಗಿದೆಲೆಯ ಮೇಲೆ ಜಿನುಗುವ ಹಾಗೆ... ಹಿಂತಿರುಗಿ ನೋಡಿದೆ. ಹೊರಗೆ ಆಕಾಶದ ತುಂಬ ನಕ್ಷತ್ರ.

"ಹುಳು ಮೇಯ್ತವೆ," ಎಂದಳು ಬಾಗಿಲಲ್ಲಿದ್ದ ಮುದುಕಿ. "ಸಾವಿನ ಮನೆ ಅಂತ ಅವು ಉಪವಾಸ ಇರ್ತವಾ?"

ಪಕ್ಕದ ಕೋಣೆಯಲ್ಲಿ ಗೋಣಿತಾಟಿನ ಪರದೆಯ ಹಿಂದೆ ಸಾವಿರಾರು ರೇಷ್ಮೆಹುಳುಗಳು ಸೊಪ್ಪು ತಿನ್ನುತ್ತಿದ್ದವು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಅವಕ್ಕೆ ಹಗಲು ರಾತ್ರಿ ಎಂಬುದಿಲ್ಲ. ಹಸಿ ಸೊಪ್ಪಿನ ವಾಸನೆ, ಊದುಬತ್ತಿಯ ವಾಸನೆ, ಎರಡೂ ಸೇರಿ ಗಂಟಲು ಹಿಡಿಯುತ್ತಿತ್ತು.

ನಡುಮನೆಯಲ್ಲಿ ಎರಡು ಪೆಟ್ರೋಮ್ಯಾಕ್ಸ್ ದೀಪ ಉರಿಯುತ್ತಿದ್ದವು. ರತ್ನಮ್ಮನನ್ನು ಮಣೆಯ ಮೇಲೆ ಕೂರಿಸಿ, ಸೊಂಟಕ್ಕೆ ಪಂಚೆ ಸುತ್ತಿ ಹಿಂದಿನ ಕಂಬಕ್ಕೆ ಕಟ್ಟಿದ್ದರು. ಕೆನ್ನೆಗೆ ಅರಿಶಿನ, ಕೊರಳಲ್ಲಿ ಚೆಂಡುಹೂವಿನ ಹಾರ. ಪಕ್ಕದಲ್ಲಿ ಅವಳ ತಾಯಿ ಪಾಪಮ್ಮ.

"ನನ್ನೂ ಸೇರಿಸಿ ತೆಗಿ ನಾಯನಾ. ಒಂದೇ ಒಂದು," ಎಂದಳು ಆಕೆ.

ರತ್ನಮ್ಮನ ಕೈಗಳನ್ನು ಮಡಿಲಲ್ಲಿ ಜೋಡಿಸಿಡಲು ಬಗ್ಗಿದೆ. ಕೈ ತಣ್ಣಗಿತ್ತು. ಆದರೆ ಮೆತ್ತಗಿತ್ತು. ಅದುವರೆಗೆ ಎಷ್ಟೋ ಹೆಣಗಳ ಕೈ ಮುಟ್ಟಿದ್ದೆ. ಪ್ರಾಣ ಹೋಗಿ ಅಷ್ಟು ಹೊತ್ತಾದರೆ ಬೆರಳು ಕಟ್ಟಿಗೆಯಾಗಿರುತ್ತವೆ. ಇವಳವು ನಾನು ಮಡಿಸಿದ ಹಾಗೆ ಮಡಿಸಿಕೊಂಡವು.

ಇದು ನನ್ನ ಗಮನಕ್ಕೆ ಬಂತು. ಬರಲಿಲ್ಲ ಎಂದು ಹೇಳಲಾರೆ. ವಿಷ ಏರಿದ ಮೈ, ಹೀಗೂ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಆ ಕಾಲದ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ತಾಯಿ ಮಗಳು ಇಬ್ಬರೂ ತಲೆಕೆಳಗಾಗಿ ತೂಗುಬಿದ್ದ ಹಾಗೆ ಕಂಡರು. ಪಾಪಮ್ಮನ ಕೈ ಮಗಳ ಭುಜದ ಮೇಲಿತ್ತು. ಗಾಜು ಹಿಂದೆ ಮುಂದೆ ಸರಿಸಿ ಮುಖ ಸ್ಪಷ್ಟ ಮಾಡಿಕೊಳ್ಳುತ್ತಿದ್ದೆ...

ರತ್ನಮ್ಮನ ತುಟಿ ಅಲುಗಿತು.

ಬಾಯಾರಿದವರು ತುಟಿ ಒದ್ದೆ ಮಾಡಿಕೊಳ್ಳುವ ಹಾಗೆ. ಅಷ್ಟೇ, ಒಂದೇ ಸಲ.

ಬಟ್ಟೆ ಕಿತ್ತು ನೇರವಾಗಿ ನೋಡಿದೆ. ಏನೂ ಇಲ್ಲ. ಅದೇ ಅರಿಶಿನದ ಮುಖ, ಮುಚ್ಚಿದ ಕಣ್ಣು.

"ಏನಾಯ್ತು ಸ್ವಾಮಿ?" ದೀಪ ಹಿಡಿದಿದ್ದ ನಾರಾಯಣಪ್ಪ ಪಿಸುಗುಟ್ಟಿದ.

"ಏನಿಲ್ಲ. ದೀಪ ಒಂಚೂರು ಇತ್ಲಾಗೆ ಹಿಡೀರಿ."

ಪ್ಲೇಟು ಹಾಕಿದೆ. "ಹದಿನೈದು ಎಣಿಸ್ತೀನಮ್ಮ, ಅಲ್ಲೀವರ್ಗೂ ಅಲುಗಾಡ್ಬೇಡಿ," ಎಂದು ಪಾಪಮ್ಮನಿಗೆ ಹೇಳಿ ಮುಚ್ಚಳ ತೆಗೆದೆ.

ಒಂದು... ಎರಡು... ಮೂರು...

ಏಳಕ್ಕೆ ಬರುವಷ್ಟರಲ್ಲಿ ಹುಳುಗಳ ಸದ್ದು ನಿಂತಿತು.

ಕಡಿಮೆಯಾದದ್ದಲ್ಲ. ಯಾರೋ ಅಂಗೈ ಮುಚ್ಚಿದ ಹಾಗೆ ಒಮ್ಮೆಗೇ ನಿಂತುಹೋಯಿತು. ಪೆಟ್ರೋಮ್ಯಾಕ್ಸಿನ ಸುಯ್ಯೆನ್ನುವ ಸದ್ದೂ ನನ್ನ ಕಿವಿಗೆ ಬೀಳಲಿಲ್ಲ. ಆ ನಿಶ್ಶಬ್ದದಲ್ಲಿ ಯಾರೋ ಉಸಿರು ಒಳಗೆಳೆದುಕೊಂಡರು... ಉದ್ದವಾಗಿ, ಕಷ್ಟಪಟ್ಟು. ಅದರ ಬೆನ್ನಿಗೇ ಗಂಟಲಲ್ಲಿ ಸಿಕ್ಕಿಕೊಂಡ ಒಂದು ದನಿ. ಮಾತು ಎನ್ನಲಾರೆ. ಮಾತಲ್ಲ ಎಂದೂ ಹೇಳಲಾರೆ.

ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಹದಿನೈದಕ್ಕೆ ಮುಚ್ಚಳ ಹಾಕಿದೆ. ಗೋಣಿತಾಟಿನ ಹಿಂದೆ ಮಳೆ ಮತ್ತೆ ಶುರುವಾಯಿತು.

ಪಾಪಮ್ಮ ನಿಧಾನವಾಗಿ ಮಗಳ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆ ಬಗ್ಗಿಸಿ ಪೆಟ್ಟಿಗೆಯ ಕೊಂಡಿ ಹಾಕತೊಡಗಿದೆ.

"ಆಯ್ತಾ?" ಎಂದು ಹೊರಗಿನಿಂದ ಹಿರಿಯರು ಕೇಳಿದರು.

"ಆಯ್ತು. ಇನ್ನು ಎತ್ಕೊಳ್ಳಿ," ಎಂದೆ.

ಹಾಗೆ ಹೇಳಿದವನು ನಾನು. ಬೇರೆ ಯಾರೂ ಅಲ್ಲ.

ಯಾಕೆ ಬಾಯಿ ಬಿಡಲಿಲ್ಲ? ಹೆದರಿದ್ದೆ, ನಿಜ. ಆದರೆ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ಅಷ್ಟು ಜನರ ಮುಂದೆ "ಹುಡುಗಿ ಉಸಿರಾಡಿದಳು" ಎಂದು ಹೇಳಿ, ಹಾಗಿಲ್ಲದಿದ್ದರೆ? ಪೇಟೆಯ ಫೋಟೋದವನು ಹೆಣ ನೋಡಿ ಬೆದರಿದ ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ನನ್ನ ಮಾನಕ್ಕೆ ಹೆದರಿದೆ. ಒಂದು ಜೀವದ ಎದುರು ನಾನು ತೂಗಿ ನೋಡಿದ್ದು ಅದನ್ನು.

ಗಾಡಿ ನನ್ನನ್ನು ಸ್ಟುಡಿಯೋ ಮುಂದೆ ಇಳಿಸಿದಾಗ ಇನ್ನೂ ಕತ್ತಲಿತ್ತು. ಪ್ಲೇಟನ್ನು ಔಷಧಿಯಲ್ಲಿ ತೊಳೆದು, ಅವಳು ಅಲುಗಿದ್ದಳೋ ಇಲ್ಲವೋ ನೋಡಲು ಅರ್ಧ ಗಂಟೆ ಸಾಕಿತ್ತು. ಮೂಲೆಯಲ್ಲಿ ಸೈಕಲ್ ಇತ್ತು. ಕೋಳಿ ಕೂಗುವ ಮೊದಲು ಹಳ್ಳಿ ಮುಟ್ಟಬಹುದಿತ್ತು.

ಕಂಬಳಿ ಎಳೆದುಕೊಂಡು ಮಲಗಿದೆ. ಕೋಳಿ ಕೂಗಿದ್ದು ಕೇಳಿಸಿತು. ಏಳಲಿಲ್ಲ.

ಪ್ಲೇಟು ತೊಳೆದದ್ದು ಮರುದಿನ ರಾತ್ರಿ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಗಾಜಿನ ಮೇಲೆ ಚಿತ್ರ ಮೂಡುತ್ತಿದ್ದ ಹಾಗೆ ಹೊರಗೆ ಜಿನುಗು ಮಳೆ ಹಿಡಿಯಿತು. ಕೈ ಒರೆಸಿಕೊಂಡು ಬಾಗಿಲು ತೆಗೆದೆ. ಬೀದಿ ಒಣಗಿತ್ತು. ಸದ್ದೂ ಇರಲಿಲ್ಲ. ಒಳಗೆ ಬಂದು ಬಾಗಿಲು ಹಾಕಿದರೆ ಮತ್ತೆ ಅದೇ ಸದ್ದು...

ಒಂದು ಪ್ರಿಂಟ್ ಹಾಕಿ ನೋಡಿದೆ. ಪಾಪಮ್ಮನ ಮುಖದ ಒಂದೊಂದು ಸುಕ್ಕೂ ಸ್ಪಷ್ಟ. ಮಗಳ ಭುಜದ ಮೇಲಿನ ಅವಳ ಬೆರಳು ಸ್ಪಷ್ಟ. ಹಾರದ ಚೆಂಡುಹೂವಿನ ಎಸಳು ಎಸಳೂ ಸ್ಪಷ್ಟ. ರತ್ನಮ್ಮನ ಮುಖ ಮಾತ್ರ ಕಲಸಿಹೋಗಿತ್ತು. ಒಂದರ ಮೇಲೊಂದು ಎರಡು ಮುಖ. ಒಂದು ಎದೆಗೆ ಬಾಗಿದ್ದು. ಇನ್ನೊಂದು ತಾಯಿಯ ಕಡೆ ತಿರುಗಿದ್ದು, ಬಾಯಿ ಅರ್ಧ ತೆರೆದು.

ಪೆನ್ಸಿಲ್ ಹಿಡಿದು ಎಷ್ಟು ತಿದ್ದಿದರೂ ಆ ಎರಡನೆಯ ಮುಖವನ್ನು ಅಳಿಸಲಾಗಲಿಲ್ಲ.

ವಾರದ ಮೇಲೆ ಪಾಪಮ್ಮ ಫೋಟೋ ಕೇಳಿಕೊಂಡು ಬಂದಳು. "ಗಾಡೀಲಿ ಬರೋವಾಗ ಪ್ಲೇಟು ಒಡೆದೋಯ್ತಮ್ಮ," ಎಂದುಬಿಟ್ಟೆ. ಪ್ಲೇಟು ಆಗ ಅವಳ ಹಿಂದಿನ ಬೀರುವಿನಲ್ಲೇ ಇತ್ತು. ಆಕೆ ಗದರಲಿಲ್ಲ, ಶಾಪ ಹಾಕಲಿಲ್ಲ. ಖಾಲಿ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು ಹೊರಟುಹೋದಳು.

ಚಿಂತಾಮಣಿಯ ಒಬ್ಬ ಹಿರಿಯ ಫೋಟೋಗ್ರಾಫರಿಗೆ ಆ ಪ್ರಿಂಟ್ ತೋರಿಸಿದೆ, ಯಾರದೆಂದು ಹೇಳದೆ. "ಮಣೆ ಅಲುಗಿರ್ಬೇಕು ಬಿಡಯ್ಯ," ಎಂದರು. ಮಣೆ ಅಲುಗಿದ್ದರೆ ಹಾರ ಅಲುಗಬೇಕಿತ್ತಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಪ್ರಿಂಟನ್ನು ಬೋರಲು ಹಾಕಿ ವಾಪಸು ಕೊಟ್ಟರು. ಇನ್ನೊಂದು ಸಲ, ಪರಿಚಯದ ಒಬ್ಬ ಕಂಪೌಂಡರು ಮಾತಿಗೆ ಮಾತು ಬಂದು, "ಕೆಲವು ಹಾವು ಕಚ್ಚಿದ್ರೆ ರೆಪ್ಪೆ ಎತ್ತಕ್ಕಾಗಲ್ಲ, ಕೈಕಾಲು ಆಡಲ್ಲ, ನೋಡೋರಿಗೆ ಹೆಣ ಅನ್ಸುತ್ತೆ. ಆದ್ರೆ ಒಳಗೆ..." ಎನ್ನುತ್ತಿದ್ದರು. ನಾನು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅವರ ಮಾತು ನಿಜವೇ ಇರಬಹುದು. ಆದರೆ ಆ ಹುಳುಗಳು ಯಾಕೆ ಸುಮ್ಮನಾದವು ಎಂಬುದಕ್ಕೆ ಅವರಲ್ಲೂ ಉತ್ತರ ಇರುತ್ತಿರಲಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಪಾಪಮ್ಮ ಮತ್ತೆ ಬಂದಳು. ತುಂಬ ಸೊರಗಿದ್ದಳು. ಬೆಂಚಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತಳು.

"ಫೋಟೋಗೆ ಬರ್ಲಿಲ್ಲ ನಾಯನಾ. ಒಂದ್ ಮಾತು ಕೇಳೋಕ್ ಬಂದೆ. ಆವತ್ತು ನೀನು ಎಣಿಸ್ತಿದ್ದಾಗ ನನ್ ಮಗಳು 'ಅಮ್ಮಾ' ಅಂದ್ಳು. ನನ್ ಕಿವಿಗೆ ಬಿತ್ತು. ನೀನು ಅಲುಗಾಡ್ಬೇಡ ಅಂದಿದ್ಯಲ್ಲ, ಅದ್ಕೆ ಅಲುಗಾಡ್ದೆ ಕೂತಿದ್ದೆ. ನೀನು ಹೋದ್ಮೇಲೆ ಹೇಳಿದ್ರೆ, 'ನಿಂಗೆ ತಲೆ ಕೆಟ್ಟಿದೆ' ಅಂತ ಎಲ್ರೂ ನನ್ನ ಹಿಡ್ಕೊಂಡ್ರು." ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ನೀನು ಅವಳನ್ನೇ ನೋಡ್ತಿದ್ದೆ. ನಿನ್ ಕಣ್ಣಿಗೆ ಏನಾದ್ರೂ ಬಿತ್ತಾ? ನಿಜ ಹೇಳು."

ಬೀರು ಎರಡು ಹೆಜ್ಜೆ ಆಚೆಗಿತ್ತು.

"ಇಲ್ಲಮ್ಮ," ಎಂದೆ. "ಏನೂ ಇಲ್ಲ. ಮಗು ಯಾವಾಗ್ಲೋ ಹೋಗ್ಬಿಟ್ಟಿತ್ತು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನ್ ಹೊಟ್ಟೆ ತಣ್ಣಗಿರ್ಲಿ ನಾಯನಾ. ಎರಡ್ ವರ್ಷದಿಂದ ಇದೊಂದೇ ನನ್ ಎದೆ ಮೇಲೆ ಕೂತಿತ್ತು."

ಕರುಣೆಯಿಂದ ಹೇಳಿದ ಸುಳ್ಳು ಅದು ಎನ್ನುವವರು ಅನ್ನಬಹುದು. ಹೇಳಿದವನಿಗೆ ಗೊತ್ತು. ನಾನು ಕಾಪಾಡಿಕೊಂಡದ್ದು ಅವಳನ್ನಲ್ಲ.

ಆಕೆ ಹೋದ ಮೇಲೆ ಹತ್ತು ನಿಮಿಷ ಕೂತಿದ್ದೆ. ಆಮೇಲೆ ಏನನ್ನಿಸಿತೋ, ಅಂಗಡಿ ತೆರೆದೇ ಬಿಟ್ಟು ಬಸ್ ನಿಲ್ಲುವ ಕಡೆ ಓಡಿದೆ. ಹೇಳಿಬಿಡಬೇಕು, ಕಾಲು ಹಿಡಿದು ಹೇಳಿಬಿಡಬೇಕು... ಬಸ್ಸು ಹೊರಟು ನಿಂತಿತ್ತು. ಕಿಟಕಿಯಲ್ಲಿ ಪಾಪಮ್ಮ ಕಂಡಳು. ನಾನು ಏದುಸಿರು ಬಿಡುತ್ತಾ ಅವಳ ಎದುರು ನಿಂತೆ. ಬಾಯಿ ತೆರೆದೆ. ದನಿ ಬರಲಿಲ್ಲ.

ಆಕೆ ನಕ್ಕಳು. ಆ ಮುಖದಲ್ಲಿ ನಾನು ನಗು ನೋಡಿದ್ದು ಅದೊಂದೇ ಸಲ. ನನಗೆ ಕೈ ಮುಗಿದು, ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಡೆ ತಿರುಗಿ ಹೇಳಿದಳು:

"ಇವ್ರೇ ಕಣೇ, ನಮ್ ರತ್ನಮ್ಮನ್ನ ಕೊನೇಲಿ ಕಣ್ತುಂಬ ನೋಡ್ದೋರು."

ಬಸ್ಸು ಮುಂದೆ ಹೋಯಿತು. ನಾನು ರಸ್ತೆಯ ಮಧ್ಯೆಯೇ ನಿಂತಿದ್ದೆ. ಹಿಂದಿನಿಂದ ಗಾಡಿಯವರು ಕೂಗುತ್ತಿದ್ದರು. ಪಕ್ಕಕ್ಕೆ ಸರಿಯಬೇಕೆಂದು ಗೊತ್ತಿತ್ತು... ಕಾಲು ಏಳಲಿಲ್ಲ.